ಸುಗಂಧರಾಜನೂ ಮೇ ಹೂವೂ

ಮನೆಯ ಮುಂದೆ ನಾಲ್ಕು ಮೊಳ ಮಣ್ಣು ಉಳ್ಳವರೆಲ್ಲರೂ ಒಂದಲ್ಲ ಒಂದು ದಿನ ಗೆಡ್ಡೆಯ ಹೂವಿನ ಮೋಹಕ್ಕೆ ಒಳಗಾಗುವರು. ಬೀಜ ಬಿತ್ತಿ ಸಸಿಯನ್ನು ಕಾಯುವ ತಾಳ್ಮೆ ಎಲ್ಲರಿಗೂ ಇರದು. ಊರಿದ ಗುಲಾಬಿಯ ಕೊಂಬೆಗಳೆಲ್ಲ ಚಿಗುರುವುದೂ ಇಲ್ಲ. ಗೆಡ್ಡೆಯಾದರೋ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬರುವ ನೆಂಟ. ಒಮ್ಮೆ ನೆಟ್ಟರೆ ವರುಷ ವರುಷವೂ ಹೂ ಕಾಣಬಹುದೆಂಬ ಆಸೆ ಬೇರೆ. ದಾವಣಗೆರೆ ಹರಿಹರಗಳ ಅಂಗಳಗಳಲ್ಲಿ ಈ ಆಸೆಯನ್ನು ಹುಟ್ಟಿಸುವ ಗೆಡ್ಡೆಗಳು ಹಲವಿದ್ದರೂ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ತೂಗಿ ನೋಡಬೇಕಾದವು ಎರಡು: ಸುಗಂಧರಾಜ ಮತ್ತು ಮೇ ಹೂವು. ರಸ್ತೆಯ ಬದಿಯ ಗುಲ್‌ಮೊಹರ್ ಮರವನ್ನೂ ಕೆಲವರು ಮೇ ಹೂವೆಂದೇ ಕರೆಯುವುದುಂಟು. ಇಲ್ಲಿ ಹೇಳುತ್ತಿರುವುದು ಬೇಸಗೆಯ ಕೊನೆಯಲ್ಲಿ ನೆಲವನ್ನು ಸೀಳಿಕೊಂಡು ಬಂದು ಕೆಂಪು ಚೆಂಡಿನಂತೆ ಅರಳುವ ಗೆಡ್ಡೆಯನ್ನು.

ಎರಡೂ ಈ ನಾಡಿನವಲ್ಲ. ಸುಗಂಧರಾಜನ ತವರು ಮೆಕ್ಸಿಕೊ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಹರಿಹರೇಶ್ವರನ ಗುಡಿಯನ್ನು ಕಟ್ಟಿಸಿದಾಗ ಈ ಹೂವು ಇಂಡಿಯಾದಲ್ಲಿ ಇರಲೇ ಇಲ್ಲ. ಈಗಲೋ, ಸುಗಂಧರಾಜವಿಲ್ಲದ ದೇವರ ಹಾರವನ್ನು ಊಹಿಸುವುದೇ ಕಷ್ಟ. ಪರದೇಶದಿಂದ ಬಂದವನಿಗೆ ಸಂಸ್ಕೃತದ ಹೆಸರು, ಅದರಲ್ಲಿಯೂ ರಾಜಪದವಿ! ಸಸ್ಯಶಾಸ್ತ್ರಜ್ಞರು 2017ರಲ್ಲಿ ಇವನನ್ನು ಪೋಲಿಯಾಂಥಿಸ್ ಎಂಬ ಹಳೆಯ ಕುಲದಿಂದ ಎತ್ತಿ ಕತ್ತಾಳೆಯ ಕುಲಕ್ಕೆ ಸೇರಿಸಿದರು. ಹೊಲದ ಬೇಲಿಯ ಕತ್ತಾಳೆಗೆ ತಮ್ಮ ಸುಗಂಧರಾಜನು ದಾಯಾದಿಯೆಂಬ ಸುದ್ದಿಯನ್ನು ಹೂ ಕಟ್ಟುವ ಹೆಂಗಸರು ಕೇಳಿದರೆ ನಕ್ಕಾರು.

ಮೇ ಹೂವು ಆಫ್ರಿಕದ್ದು. ಸ್ಕಾಡಾಕ್ಸಸ್ ಮಲ್ಟಿಫ್ಲೋರಸ್ ಎಂಬ ಉದ್ದನೆಯ ಹೆಸರನ್ನು ಹೊತ್ತಿರುವ ಈ ಗಿಡಕ್ಕೆ ಮನೆಮಾತಿನಲ್ಲಿ ಇಂಗ್ಲಿಷಿನ ತಿಂಗಳ ಹೆಸರೇ ಗತಿಯಾಗಿದೆ. ಇದಕ್ಕೆ ಪರಿಮಳವಿಲ್ಲ, ಮುಡಿಗೆ ಬಾರದು, ಹಾರಕ್ಕೆ ಒದಗದು. ಉಪಯೋಗಕ್ಕೆ ಬಾರದವರಿಗೆ ಯಾರು ಹೆಸರಿಡುವರು?

ಇನ್ನು ನೆಲದ ಮಾತು. ದಾವಣಗೆರೆಗೂ ಹರಿಹರಕ್ಕೂ ನಡುವಿನ ದೂರ ಸುಮಾರು 14 ಕಿಲೋಮೀಟರು. ಆದರೆ ಗೆಡ್ಡೆಯ ಪಾಲಿಗೆ ಅದು ಬೇರೆಯೇ ಸೀಮೆ. ಹರಿಹರದಲ್ಲಿ ತುಂಗಭದ್ರೆಯ ದಡದ ಮನೆಗಳಿಗೆ ಹೊಳೆಯು ತಂದು ಹಾಸಿದ ಮೆಕ್ಕಲುಮಣ್ಣಿನ ಭಾಗ್ಯವುಂಟು. ನೀರು ಹಾಕಿದರೆ ಕುಡಿಯುತ್ತದೆ, ಹೆಚ್ಚಾದರೆ ಬಸಿದುಬಿಡುತ್ತದೆ. ದಾವಣಗೆರೆಯ ಸುತ್ತಿನ ಎರೆಮಣ್ಣಾದರೋ ಹತ್ತಿಗೆ ಹಾಲೂಡಿಸಿದ ತಾಯಿ. ಆ ಹತ್ತಿಯಿಂದಲೇ ಊರಿನಲ್ಲಿ ಗಿರಣಿಗಳು ಎದ್ದವು. ಗೆಡ್ಡೆಗೆ ಮಾತ್ರ ಅದು ಮಲತಾಯಿ. ಮಳೆಗಾಲದಲ್ಲಿ ನೀರನ್ನು ಬಿಗಿಹಿಡಿದು ಕೊಳೆಸುತ್ತದೆ. ಬೇಸಗೆಯಲ್ಲಿ ಬಾಯಿಬಿಟ್ಟು ಬೇರನ್ನು ಹರಿಯುತ್ತದೆ. ಅಂತಹ ಅಂಗಳದಲ್ಲಿ ಮಡಿಯನ್ನು ಒಂದು ಗೇಣು ಎತ್ತರಿಸಿ, ಮರಳನ್ನೂ ಹಳೆಯ ಕೊಟ್ಟಿಗೆ ಗೊಬ್ಬರವನ್ನೂ ಧಾರಾಳವಾಗಿ ಬೆರೆಸದೆ ಯಾವ ಗೆಡ್ಡೆಯನ್ನೂ ಇಡಬಾರದು. ಅಷ್ಟು ಶ್ರಮ ಬೇಡವೆನ್ನುವವರಿಗೆ ಮಣ್ಣಿನ ಕುಂಡವೇ ಲೇಸು.

ಸುಗಂಧರಾಜನ ಊಳಿಗ ದೊಡ್ಡದು. ಎರಡು ಮೂರು ಸೆಂಟಿಮೀಟರು ದಪ್ಪದ ಗೆಡ್ಡೆಗಳನ್ನು ಆರಿಸಬೇಕು. ಕಿತ್ತ ಮರುದಿನವೇ ನೆಡದೆ ಎಂಟು ಹತ್ತು ವಾರ ನೆರಳಿನಲ್ಲಿ ಮಲಗಲು ಬಿಡಬೇಕು. ನಾಲ್ಕೈದು ಸೆಂಟಿಮೀಟರು ಆಳದಲ್ಲಿ ಗೇಣಿಗೊಂದರಂತೆ ಇಡಬೇಕು. ಸುಮಾರು ಮೂರು ತಿಂಗಳಿಗೆ ದಂಟು ಏಳುತ್ತದೆ. ಒಂದು ಗೆಡ್ಡೆ ಹೂ ಕೊಡುವುದು ಒಮ್ಮೆ ಮಾತ್ರ. ಮುಂದಿನ ದಂಟು ಬರುವುದು ಅದರ ಮಗ್ಗುಲಿನ ಮರಿಗಳಿಂದ. ಈ ಗುಟ್ಟನ್ನು ತಿಳಿಯದವರು, ಗಿಡ ಹುಲುಸಾಗಿದ್ದರೂ ಹೂವಿಲ್ಲವಲ್ಲ ಎಂದು ಕೊರಗುವರು. ಮರಿಗಳು ಗುಂಪುಗೂಡಿ ಒಂದನ್ನೊಂದು ಒತ್ತುವುದರಿಂದ ಮೂರನೆಯ ವರುಷಕ್ಕೆ ಎಲ್ಲವನ್ನೂ ಅಗೆದು, ಬಿಡಿಸಿ, ಹೊಸದಾಗಿ ನೆಡಬೇಕು. ಬೇರುಗಂಟಿನ ಹುಳುವಿನ ಕಾಟವೂ ಉಂಟು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೊರತಂದಿರುವ ಒಂಟಿಸುತ್ತಿನ ‘ಶೃಂಗಾರ’, ‘ಪ್ರಜ್ವಲ್’ ಮತ್ತು ಸುತ್ತುಸುತ್ತಿನ ‘ಸುವಾಸಿನಿ’ ತಳಿಗಳು ಮನೆಗೂ ಒಗ್ಗುವಂಥವು. ಸುತ್ತುಸುತ್ತಿನದು ಹೂದಾನಿಗೆ ಚೆಲುವು. ಪರಿಮಳ ಬೇಕಾದವರು ಒಂಟಿಸುತ್ತಿನದನ್ನೇ ಹಿಡಿಯಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಲೆಕ್ಕಾಚಾರದ ಗೃಹಿಣಿಯೊಬ್ಬಳು ಕೇಳಬಹುದು: ಸಂತೆಯಲ್ಲಿ ಮೊಳಕ್ಕಿಷ್ಟೆಂದು ಸಿಗುವ ಹೂವಿಗೆ ಮನೆಯಲ್ಲಿ ಇಷ್ಟು ದುಡಿಮೆ ಏಕೆ? ಪ್ರಶ್ನೆ ನ್ಯಾಯವಾದುದೇ. ಹತ್ತು ಗೆಡ್ಡೆಯ ಹೂವಿನಿಂದ ಮನೆಯವರೆಲ್ಲರ ಮುಡಿಯೂ ದೇವರ ಮನೆಯೂ ತುಂಬುವುದಿಲ್ಲ. ಆದರೆ ರಾತ್ರಿ ಒಂಬತ್ತು ಗಂಟೆಗೆ ದೀಪವಾರಿಸಿ ಕಿಟಕಿ ತೆರೆದಾಗ, ಗಿಡದ ಮೇಲೆಯೇ ಅರಳಿದ ಸುಗಂಧರಾಜನ ಪರಿಮಳ ಒಳನುಗ್ಗುವುದಲ್ಲ, ಅದನ್ನು ಯಾವ ಹೂವಾಡಗಿತ್ತಿಯೂ ಮೊಳ ಹಾಕಿ ಕೊಡಲಾರಳು.

ಮೇ ಹೂವಿನ ಸ್ವಭಾವ ಇದಕ್ಕೆ ತೀರ ಬೇರೆ. ಅದು ಬೇಡುವುದು ಕೆಲಸವನ್ನಲ್ಲ, ಸುಮ್ಮನಿರುವುದನ್ನು. ಮಳೆಗಾಲವೆಲ್ಲ ಅಗಲವಾದ ಎಲೆಗಳನ್ನು ಹರಡಿ, ಚಳಿಗಾಲಕ್ಕೆ ಅವನ್ನು ಹಳದಿಯಾಗಿಸಿ ಉದುರಿಸಿ, ಗೆಡ್ಡೆ ನೆಲದೊಳಗೆ ನಿದ್ರೆಹೋಗುತ್ತದೆ. ಆಗ ನೀರು ಹಾಕುವುದೆಂದರೆ ಅದನ್ನು ಕೊಂದಂತೆ. ಕುಂಡ ನಾಲ್ಕೈದು ತಿಂಗಳು ಬರಿದಾಗಿ ಕಾಣುತ್ತದೆ. ಭರಣಿಯ ಮಳೆ ಒಂದು ಸಲ ನೆಲವನ್ನು ನೆನಸಿದರೆ ಸಾಕು, ಎಲೆಗಿಂತ ಮೊದಲು ದಂಟು ಮೇಲೆದ್ದು, ನೂರಿನ್ನೂರು ಕಿರುಹೂಗಳ ಚೆಂಡನ್ನು ಎತ್ತಿ ಹಿಡಿಯುತ್ತದೆ. ಆ ವೈಭವ ಹೆಚ್ಚೆಂದರೆ ಹತ್ತು ದಿನ. ಇನ್ನೊಂದು ಎಚ್ಚರಿಕೆಯ ಮಾತು: ಈ ಗೆಡ್ಡೆ ವಿಷ. ಆಫ್ರಿಕದಲ್ಲಿ ಬಾಣದ ತುದಿಗೆ ಹಚ್ಚಲು ಇದನ್ನು ಬಳಸಿದ್ದುಂಟು. ಎಳೆಯ ಮಕ್ಕಳೂ ದನಕರುಗಳೂ ಇರುವ ಮನೆಯಲ್ಲಿ ಕೈಗೆಟುಕದ ಕಡೆ ಇಡುವುದು ಕ್ಷೇಮ.

ಬರಿದಾದ ಕುಂಡವನ್ನು ನಂಬುವುದು ಎಲ್ಲರಿಗೂ ಸಾಧ್ಯವೇ? ದಾವಣಗೆರೆಯ ವಿದ್ಯಾನಗರದ ಒಂದು ಮನೆಯಲ್ಲಿ ಈ ಪ್ರಶ್ನೆ ಗಂಡಹೆಂಡಿರ ನಡುವೆ ಬಂದು ನಿಂತಿತು. ಮೇಷ್ಟ್ರಾಗಿ ನಿವೃತ್ತರಾದ ಆ ಯಜಮಾನರ ತಾಯಿ ಹರಿಹರದ ಹೊಳೆಯ ದಡದ ಮನೆಯಲ್ಲಿ ಬಾಳಿದವರು. ಆಕೆ ತೀರಿಕೊಂಡ ಮೇಲೆ ಮನೆಯನ್ನು ಮಾರಿದರು. ಪಾತ್ರೆಪಡಗಗಳು ತಂಗಿಯರಿಗೆ ಹೋದವು. ಮಗನು ತಂದದ್ದು ಮೇ ಹೂವಿನ ಒಂದು ಕುಂಡ. ಮೊದಲ ಬೇಸಗೆಯಲ್ಲಿ ಅದು ಅರಳಿತು. ಮೇಷ್ಟ್ರು ಹತ್ತು ದಿನವೂ ಬೆಳಗಿನ ಕಾಫಿಯನ್ನು ಅದರ ಎದುರು ಕುಳಿತೇ ಕುಡಿದರು.

ಅವರ ಮನೆಯಾಕೆ ಸುಗಂಧರಾಜನ ಪಕ್ಷ. ಆ ವರುಷದ ಡಿಸೆಂಬರಿನಲ್ಲಿ ಹೊಸ ಗೆಡ್ಡೆಗಳಿಗೆ ಸ್ಥಳ ಸಾಲದೆ, ಬರಿದಾಗಿದ್ದ ಆ ಕುಂಡದಲ್ಲಿಯೂ ನಾಲ್ಕನ್ನು ಊರಿ, ದಿನವೂ ಚೊಂಬು ನೀರು ಹೊಯ್ದರು. ಮೇಷ್ಟ್ರು ಆಗ ಮಗನ ಮನೆಗೆ ಹೋಗಿದ್ದರು. ಮೇ ತಿಂಗಳು ಬಂತು, ಭರಣಿ ಸುರಿಯಿತು. ಕುಂಡದಲ್ಲಿ ಸುಗಂಧರಾಜದ ಗರಿಗಳು ನಳನಳಿಸಿದುವೇ ಹೊರತು ಕೆಂಪು ಚೆಂಡು ಏಳಲಿಲ್ಲ.

“ಏನ್ರೀ, ಅದು ಸತ್ತುಹೋಗಿತ್ತು ಅಂದುಕೊಂಡೆ” ಎಂದರು ಆಕೆ.

ಮೇಷ್ಟ್ರು ಏನೂ ಹೇಳಲಿಲ್ಲ. ಕಾಫಿಯ ಲೋಟ ಹಿಡಿದು ಒಳಗೆ ಹೋದರು. ಮೂವತ್ತೈದು ವರುಷ ಒಟ್ಟಿಗೆ ಬಾಳಿದವರಿಗೆ ಇಂತಹ ಮೌನದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಮಧ್ಯಾಹ್ನ ಆಕೆಯೇ ಹಿತ್ತಲಿನಲ್ಲಿ ಕುಂತು ಕುಂಡವನ್ನು ಬೋರಲಾಗಿಸಿದರು. ಅತ್ತೆಯ ಕಾಲದ ದೊಡ್ಡ ಗೆಡ್ಡೆ ಕೊಳೆತು ಬೆರಳಿಗೆ ಮೆತ್ತಗೆ ತಾಗಿತು. ಅದರ ಮಗ್ಗುಲಿಗೆ ಅಂಟಿದ್ದ ಮೂರು ಮರಿಗಳು, ಈರುಳ್ಳಿಯ ಕುಡಿಗಿಂತ ಸ್ವಲ್ಪ ದಪ್ಪನೆಯವು, ಗಟ್ಟಿಯಾಗಿದ್ದವು. ಕೊಳೆತದ್ದನ್ನು ಕತ್ತರಿಸಿ, ಬೂದಿ ಸವರಿ, ಒಂದು ದಿನ ನೆರಳಿನಲ್ಲಿ ಆರಿಸಿ, ಹರಿಹರಕ್ಕೆ ಹೊರಟಿದ್ದ ನೆರೆಮನೆಯ ಹುಡುಗನಿಂದ ಒಂದು ಚೀಲ ಹೊಳೆಯ ಮಣ್ಣನ್ನು ತರಿಸಿ ನೆಟ್ಟರು. ಕುಂಡದ ಮೇಲೆ ಸುಣ್ಣದಿಂದ ದೊಡ್ಡದಾಗಿ ಬರೆದರು: “ದೀಪಾವಳಿಯಿಂದ ಯುಗಾದಿ ಕಳೆಯುವವರೆಗೆ ನೀರು ಹಾಕಬಾರದು.”

ಮರಿಗೆಡ್ಡೆಗಳು ಹೂ ಬಿಡುವಷ್ಟು ಬಲಿಯಲು ಎರಡು ಮೂರು ವರುಷ ಬೇಕು. ಈ ಮಳೆಗಾಲದಲ್ಲಿ ಅವು ತಲಾ ಎರಡೆಲೆ ಬಿಟ್ಟಿವೆ. ಸುಗಂಧರಾಜನ ಮಡಿಯನ್ನು ಅಗೆದು ಬಿಡಿಸುವ ಕಾಲವೂ ಹತ್ತಿರವಾಗಿದೆ. ಈ ಸಲ ಗುದ್ದಲಿ ಹಿಡಿಯುವುದು ತಮ್ಮ ಸರದಿಯೆಂದು ಮೇಷ್ಟ್ರು ಹೇಳಿರುವರು.