ಚಾಳೀಸಿನ ಮೇಷ್ಟ್ರು, ಕೊನೇ ಬೆಂಚಿನ ಮಗಳು

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರೊಬ್ಬರಿಗೆ 42 ತುಂಬಿತು. ಬೆಳಗಿನ ಪೇಪರನ್ನು ದಿನದಿಂದ ದಿನಕ್ಕೆ ದೂರ ಹಿಡಿಯತೊಡಗಿದರು. 'ಇನ್ನು ನಿಮ್ಮ ಕೈ ಸಾಲದು, ಎದುರುಮನೆಯವರನ್ನು ಹಿಡಿದುಕೊಳ್ಳೋಕೆ ಹೇಳಿ' ಎಂದು ಹೆಂಡತಿ ನಕ್ಕರು. ಮೇಷ್ಟ್ರೂ ನಕ್ಕರು. ಚಾಳೀಸು ಬಂತೆಂದು ಅವರಿಗೆ ಗೊತ್ತಿತ್ತು.

ನಗು ಬಾರದ ಸಂಗತಿ ಬೇರೆ ಇತ್ತು. 8ನೇ ತರಗತಿಯ ಮಗಳು ಲೆಕ್ಕದಲ್ಲಿ ಹಿಂದೆ ಬೀಳುತ್ತಿದ್ದಳು. ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗಲೆಲ್ಲ 'ಗಮನ ಎಲ್ಲಿರುತ್ತೆ ನಿಂದು?' ಎಂದು ಗದರುತ್ತಿದ್ದರು. ಅವಳು ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

ಒಂದು ಸಂಜೆ ಬಸ್ ನಿಲ್ದಾಣದಲ್ಲಿ, ಬರುತ್ತಿದ್ದ ಬಸ್ಸಿನ ಬೋರ್ಡು ಓದು ಎಂದರು. 'ಹತ್ತಿರ ಬರಲಿ ಅಪ್ಪ' ಎಂದಳು. ಮೇಷ್ಟ್ರಿಗೆ ಏನೋ ಹೊಳೆಯಿತು. 'ಕ್ಲಾಸಿನಲ್ಲಿ ಬೋರ್ಡು ಕಾಣುತ್ತಾ?'

'ಪಕ್ಕದವಳ ನೋಟ್ಸ್ ನೋಡಿ ಬರಕೋತೀನಿ. ಕೊನೇ ಬೆಂಚಿಗೆ ಎಲ್ಲರಿಗೂ ಅಷ್ಟೇ ಕಾಣೋದು ಅಂದ್ಕೊಂಡಿದ್ದೆ.'

ಆ ವಾರವಷ್ಟೇ ಮೇಷ್ಟ್ರು ಮಸೂರದ ಪಾಠ ಮಾಡಿದ್ದರು. ಕ್ಯಾಮೆರಾದಲ್ಲಿ ಮಸೂರವನ್ನು ಹಿಂದೆ ಮುಂದೆ ಸರಿಸಿ ಬಿಂಬವನ್ನು ಸ್ಪಷ್ಟಗೊಳಿಸುತ್ತಾರೆ. ಕಣ್ಣಿನ ಮಸೂರ ಸರಿಯುವುದಿಲ್ಲ, ಆಕಾರ ಬದಲಿಸುತ್ತದೆ. ಅದರ ಸುತ್ತ ಬಳೆಯಂತೆ ಒಂದು ಸ್ನಾಯುವಿದೆ. ಹತ್ತಿರದ್ದನ್ನು ನೋಡುವಾಗ ಸ್ನಾಯು ಬಿಗಿಯುತ್ತದೆ. ಮಸೂರವನ್ನು ಎಳೆದು ಹಿಡಿದ ಸಣ್ಣ ಎಳೆಗಳು ಸಡಿಲಗೊಂಡು ಮಸೂರ ಉಬ್ಬುತ್ತದೆ. ದೂರ ನೋಡುವಾಗ ಸ್ನಾಯು ಸಡಿಲ, ಎಳೆಗಳು ಬಿಗಿ, ಮಸೂರ ಚಪ್ಪಟೆ. ವಯಸ್ಸಾದಂತೆ ಮಸೂರ ಗಡುಸಾಗುತ್ತದೆ, ಉಬ್ಬಲಾರದು. ಅದು ಮೇಷ್ಟ್ರ ಕಷ್ಟ. ಮಗಳದು ಬೇರೆ. ಕಣ್ಣುಗುಡ್ಡೆಯೇ ತುಸು ಉದ್ದವಾದರೆ, ಮಸೂರ ಎಷ್ಟೇ ಚಪ್ಪಟೆಯಾದರೂ ದೂರದ ಬಿಂಬ ರೆಟಿನಾ ಎಂಬ ಪರದೆಯ ಮುಂದೆಯೇ ಮೂಡುತ್ತದೆ.

ಕಣ್ಣಿನ ಡಾಕ್ಟರು ಖಾಲಿ ಫ್ರೇಮಿಗೆ ಗಾಜು ಬದಲಿಸುತ್ತ ಮಗಳನ್ನೇ ಕೇಳಿದರು: 'ಇದು ಚೆನ್ನಾಗಿದೆಯಾ, ಅದಾ?' ಅವಳು ತಡವರಿಸದೆ ಉತ್ತರ ಕೊಟ್ಟಳು.

ಮರಳುವ ದಾರಿಯಲ್ಲಿ ಮೇಷ್ಟ್ರು ಅವಳಿಗೆ ಆಕ್ಸ್‌ಫರ್ಡಿನ ಭೌತವಿಜ್ಞಾನಿ ಜೋಶುವಾ ಸಿಲ್ವರ್ ಕಥೆ ಹೇಳಿದರು. ಡಾಕ್ಟರು ಸಿಗದ ಊರುಗಳಲ್ಲಿ ಜನ ತಾವೇ ಸರಿಪಡಿಸಿಕೊಳ್ಳಬಲ್ಲ ಕನ್ನಡಕ ಮಾಡಬಹುದೇ ಎಂದು ಅವರು 1985ರಲ್ಲಿ ಯೋಚಿಸಲು ಹೊರಟರು. ತೆಳು ಪ್ಲಾಸ್ಟಿಕ್ ಪೊರೆಗಳ ನಡುವೆ ಸಿಲಿಕೋನ್ ಎಣ್ಣೆ. ಪಕ್ಕಕ್ಕೊಂದು ಪುಟ್ಟ ಸಿರಿಂಜು. ಎಣ್ಣೆ ಒತ್ತಿದರೆ ಪೊರೆ ಉಬ್ಬಿ ಪ್ಲಸ್ ಮಸೂರ, ಹೊರಗೆಳೆದರೆ ಒಳಬಾಗಿ ಮೈನಸ್. ಅಕ್ಷರ ಸ್ಪಷ್ಟವಾದಾಗ ನಿಲ್ಲಿಸಿ, ದ್ವಾರ ಮುಚ್ಚಿ, ಸಿರಿಂಜು ತೆಗೆದುಬಿಟ್ಟರೆ ಆಯಿತು. ಕಣ್ಣಿನ ಸ್ನಾಯು ಮಾಡುವ ಕೆಲಸವನ್ನು ಇಲ್ಲಿ ಬೆರಳು ಮಾಡುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚೀನಾದ ಹಳ್ಳಿಗಾಡಿನ 12ರಿಂದ 18 ವರ್ಷದ ಮಕ್ಕಳು ಇಂಥ ಕನ್ನಡಕವನ್ನು ತಾವೇ ಹೊಂದಿಸಿಕೊಂಡರು. ನೂರಕ್ಕೆ 96ಕ್ಕೂ ಹೆಚ್ಚು ಮಂದಿಗೆ ನೋಟ ತಿಳಿಯಾಯಿತು. ಕಣ್ಣಿನ ರೋಗ ಪತ್ತೆಗೆ ಡಾಕ್ಟರೇ ಬೇಕು, ನಿಜ. ಆದರೆ ಏನು ಕಾಣುತ್ತದೆ ಎಂಬುದನ್ನು ನೋಡುವವರೇ ಹೇಳಬೇಕು.

'ನನ್ನನ್ನ ಮಾತ್ರ ಯಾರೂ ಕೇಳಲೇ ಇಲ್ಲ' ಎಂದಳು ಮಗಳು. ದೂರಿನ ದನಿಯಲ್ಲ, ಸುಮ್ಮನೆ ಹೇಳಿದಳು. ಮೇಷ್ಟ್ರು ಮನೆ ಬರುವವರೆಗೂ ಮಾತಾಡಲಿಲ್ಲ.

ಮರುದಿನ ತಮ್ಮ ತರಗತಿಯಲ್ಲಿ ಪಾಠಕ್ಕೆ ಮೊದಲು ಬೋರ್ಡಿನ ಮೇಲೆ ಒಂದು ಸಾಲು ಬರೆದರು. ಕೊನೇ ಬೆಂಚಿನವರನ್ನು ಒಬ್ಬೊಬ್ಬರಾಗಿ ಓದಲು ಹೇಳಿದರು. ಇಬ್ಬರು ಪಕ್ಕದವರ ಮುಖ ನೋಡಿದರು.