ಗೋಡೆ ಮೇಲಿನ ಪೆನ್ಸಿಲ್ ಗೆರೆ (ಭಾಗ 6)

ಮೊದಲನೇ ಫೋಟೋ ನೋಡಿ. ಗೋಡೆ ಮೇಲೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಚಿಕ್ಕ ಮಕ್ಕಳ ಎತ್ತರ ಅಳೆದಿರೋದು ಅಂದ್ಕೊಂಡ್ರಾ? ಅಲ್ಲ. ನಮ್ಮಮ್ಮನ ಬಲಗೈ ಎಲ್ಲೀವರೆಗೆ ಹೋಯ್ತು ಅನ್ನೋ ಲೆಕ್ಕ ಅದು.

ನಮ್ಮನೇಲಿ ಈ ವರ್ಷ ಎರಡು ಭುಜನೋವು ಬಂದವು. ಒಂದು ನಂದು. ಕಾಲೇಜ್ ಫೆಸ್ಟ್‌ನಲ್ಲಿ ಸ್ಪೀಕರ್ ಬಾಕ್ಸ್ ಎತ್ತಿದೆ, ಆಮೇಲೆ ಕೆ.ಆರ್.ಪುರದಿಂದ ಹಲಸೂರಿನವರೆಗೆ ಲ್ಯಾಪ್‌ಟಾಪ್ ಬ್ಯಾಗನ್ನ ಒಂದೇ ಹೆಗಲಿಗೆ ಹಾಕ್ಕೊಂಡು ಮೆಟ್ರೋದಲ್ಲಿ ನಿಂತೇ ಬಂದೆ. ಮಾರನೇ ದಿನ ಕೈ ಮೇಲೇಳಲಿಲ್ಲ. ಹತ್ತು ದಿನಕ್ಕೆ ಹೋಯ್ತು, ಮರೆತೂಬಿಟ್ಟೆ.

ಇನ್ನೊಂದು ಅಮ್ಮಂದು. ದಸರಾ ಹೊತ್ತಿಗೆ ಶುರುವಾಗಿದ್ದು ಯುಗಾದಿ ಬಂದ್ರೂ ಹೋಗಿರಲಿಲ್ಲ. ಅಮ್ಮ ಮನೇಲೇ ಬ್ಲೌಸ್ ಹೊಲೀತಾರೆ. ಶಿವಾಜಿನಗರದಿಂದ ಲೈನಿಂಗ್ ಬಟ್ಟೆ, ದಾರ ಎಲ್ಲ ಅವರೇ ಹೊತ್ತು ತರ್ತಿದ್ರು. ಮೊದಲು ನಿದ್ದೆ ಹೋಯ್ತು, ಆ ಮಗ್ಗುಲಿಗೆ ಮಲಗಕ್ಕೇ ಆಗ್ತಿರಲಿಲ್ಲ. ಆಮೇಲೆ ಜಡೆ ಹಾಕ್ಕೊಳ್ಳೋದು ನಿಂತುಹೋಯ್ತು. ಎಕ್ಸ್‌ರೇ ನಾರ್ಮಲ್. ಆಗ ನಾನೊಂದು ಮಾತಂದೆ: 'ಏನೂ ಇಲ್ವಲ್ಲಮ್ಮ, ಸುಮ್ನೆ ಟೆನ್ಷನ್ ಮಾಡ್ಕೊಂಡು ನೋವು ಅಂತಿದೀಯ.' ಅಮ್ಮ ತಿರುಗಿ ಮಾತಾಡ್ಲಿಲ್ಲ. ಮಷಿನ್ ಮುಂದೆ ಹೋಗಿ ಕೂತ್ಕೊಂಡ್ರು, ಎಡಗೈಯಲ್ಲಿ ಬಟ್ಟೆ ಹಿಡ್ಕೊಂಡು.

ಎಕ್ಸ್‌ರೇಲಿ ಚೆನ್ನಾಗಿ ಕಾಣೋದು ಮೂಳೆ. ಭುಜದ ಕೀಲನ್ನ ಹಿಡಿದಿಡೋ ನಾಲ್ಕು ಸ್ನಾಯುಗಳ ಪಟ್ಟಿಯಾಗಲೀ, ಕೀಲನ್ನ ಸುತ್ತಿರೋ ಚೀಲದಂಥ ಪದರವಾಗಲೀ ಅದರಲ್ಲಿ ಸರಿಯಾಗಿ ಕಾಣಲ್ಲ. ಬಿಕಾಂ ಓದೋ ನನಗೆ ಅದು ಹೇಗೆ ಗೊತ್ತಿರುತ್ತೆ ಹೇಳಿ. ಆದ್ರೂ ತೀರ್ಪು ಕೊಟ್ಬಿಟ್ಟಿದ್ದೆ.

ಆಮೇಲೆ ಹೋದ ಕಡೆ ಫಿಸಿಯೋಥೆರಪಿಸ್ಟ್ ಒಬ್ಬರು ಅಮ್ಮನ ಕೈ ಮುಟ್ಟೋ ಮೊದಲೇ ಕೇಳಿದ್ದು, ನಿದ್ದೆ ಹೇಗಿದೆ, ನೋವು ಶುರುವಾದ ತಿಂಗಳು ಮನೇಲಿ ಏನಾಗಿತ್ತು ಅಂತ. ಅಪ್ಪನ ಕೆಲಸ ಹೋಗಿದ್ದು ಅದೇ ತಿಂಗಳು. ಬಾಡಿಗೆಗೆ ಅಂತ ಅಮ್ಮ ಹಬ್ಬದ ಆರ್ಡರ್ ಡಬಲ್ ತಗೊಂಡಿದ್ರು. ಜೊತೆಗೆ ಪಕ್ಕದ್ಮನೆ ಆಂಟಿ, 'ಜಾಸ್ತಿ ಎತ್ತಬೇಡಿ, ಒಳಗೆ ಹರಿದುಹೋಗುತ್ತೆ' ಅಂದಿದ್ರಂತೆ. ಅಮ್ಮ ನಂಬಿ ಕೈಯನ್ನ ಎದೆಗೆ ಒತ್ಕೊಂಡೇ ಓಡಾಡಿದ್ರು.

ಅವರು ಹೇಳಿದ್ದು, ಇದು ಫ್ರೋಜನ್ ಶೋಲ್ಡರ್. ಕೀಲಿನ ಸುತ್ತಲ ಪದರ ದಪ್ಪಗಾಗಿ ಬಿಗಿಯಾಗುತ್ತೆ. 40ರಿಂದ 60 ವಯಸ್ಸಿನವರಿಗೆ, ಅದರಲ್ಲೂ ಹೆಂಗಸರಿಗೆ ಮತ್ತು ಶುಗರ್ ಇರೋರಿಗೆ ಜಾಸ್ತಿ. (ಅಮ್ಮನಿಗೆ 46. ಶುಗರ್ ಟೆಸ್ಟ್ ಮಾಡಿಸಿದ್ವಿ, ಬಾರ್ಡರ್‌ನಲ್ಲಿದೆ.) ಬಿಗಿತ ನಿಜವಾದದ್ದೇ. ಆದ್ರೆ ನೋವು ಮೂರು ತಿಂಗಳು ದಾಟಿದ ಮೇಲೆ ನರಗಳೂ ಮೆದುಳೂ ಜಾಸ್ತಿ ಎಚ್ಚರವಾಗಿಬಿಡಬಹುದಂತೆ. ನಮ್ಮ ಬೀದಿನಾಯಿ ಥರ: ಒಂದ್ಸಲ ಕಳ್ಳ ಬಂದ ಮೇಲೆ ಹಾಲಿನವರನ್ನ ಕಂಡ್ರೂ ಬೊಗಳುತ್ತೆ. ನಿದ್ದೆ ಇಲ್ಲ, ದುಡ್ಡಿನ ಚಿಂತೆ, ಹರಿದುಹೋಗುತ್ತೆ ಅನ್ನೋ ಭಯ, ಎಲ್ಲ ಸೇರಿ ಆ ಬೊಗಳೋದನ್ನ ಜೋರು ಮಾಡುತ್ತೆ. ಭಯಕ್ಕೆ ಕೈ ಆಡಿಸದೇ ಇದ್ರೆ ಕೀಲು ಇನ್ನೂ ಬಿಗಿಯುತ್ತೆ.

ಇಲ್ಲಿ ನಾನು ತಪ್ಪು ತಿಳ್ಕೊಂಡಿದ್ದು ಏನಂದ್ರೆ, ಮನಸ್ಸಿಗೂ ಸಂಬಂಧ ಇದೆ ಅಂದ್ರೆ ನೋವು ಸುಳ್ಳು ಅಂತ. ನೋವಿನ ಬಗ್ಗೆ ಅಧ್ಯಯನ ಮಾಡೋ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯಾನವನ್ನ ತಿದ್ದಿದಾಗಲೂ ನೋವನ್ನ ದೇಹದ್ದೂ ಹೌದು, ಭಾವನೆಯದ್ದೂ ಹೌದು ಅಂತಲೇ ಇಟ್ಟಿದೆ. ನೋವಿದೆ ಅಂತ ಯಾರಾದ್ರೂ ಹೇಳಿದ್ರೆ ಆ ಮಾತನ್ನ ಗೌರವಿಸಬೇಕು ಅಂತಲೂ ಸೇರಿಸಿದೆ. ಅದನ್ನ ಓದಿದಾಗ ಮಷಿನ್ ಮುಂದೆ ಕೂತಿದ್ದ ಅಮ್ಮನೇ ಕಣ್ಣಮುಂದೆ ಬಂದ್ರು.

ಒಂದು ಮಾತು, ಸೀರಿಯಸ್ಸಾಗಿ: ಭುಜದ ಜೊತೆ ಎದೆ ಹಿಡಿದು ಬೆವರು ಬಂದ್ರೆ, ಅಥವಾ ಬಿದ್ದ ಮೇಲೆ ಕೈ ಎತ್ತಕ್ಕೇ ಆಗ್ದಿದ್ರೆ, ಈ ಕ್ಯಾಪ್ಶನ್ ಬಿಟ್ಟು ಆಸ್ಪತ್ರೆಗೆ ಹೋಗಿ.

ಈಗ ದಿನಾ ಸಂಜೆ ಅಮ್ಮ ಗೋಡೆ ಮೇಲೆ ಬೆರಳುಗಳನ್ನ ಇರುವೆ ಥರ ಹತ್ತಿಸ್ತಾರೆ. ಗೆರೆ ಎಳೆಯೋದು ನಾನು. ಪೂರ್ತಿ ಸರಿಹೋಗಕ್ಕೆ ವರ್ಷದ ಮೇಲೇ ಹಿಡೀಬಹುದು ಅಂದಿದ್ದಾರೆ. ಸಾರಿ ಕೇಳಿದೆ. ಅಮ್ಮ, 'ಗೆರೆ ನೆಟ್ಟಗೆ ಎಳಿಯೇ' ಅಂದ್ರು.

ಕೊನೇ ಫೋಟೋ ನಿನ್ನೇದು. ಸ್ವಿಚ್‌ಬೋರ್ಡ್‌ಗಿಂತ ನಾಲ್ಕು ಬೆರಳು ಮೇಲೆ. ಜಡೆ ಇನ್ನೂ ನಾನೇ ಹಾಕ್ತಿದೀನಿ.