ತೂತಿಲ್ಲದ ಬದನೆ

ಕಾಫಿ ಲೋಟ ಹಿಡಿದು ತಾರಸಿಗೆ ಹತ್ತಿದ ಬದನೆಪ್ರಿಯನ ಬೆಳಗು ಕೆಡಲು ಒಂದು ಜೋತುಬಿದ್ದ ಕುಡಿ ಸಾಕು. ನೀರು ಹಾಕಿದ್ದಾಯ್ತು, ಮಣ್ಣು ಹಸಿಯಾಗಿಯೇ ಇದೆ, ಕುಡಿ ಮಾತ್ರ ತಲೆ ಎತ್ತದು. ಬಾಡಿದ ಜಾಗದಿಂದ ಎರಡು ಬೆರಳು ಕೆಳಗೆ ಕತ್ತರಿಸಿ ಉಗುರಿನಲ್ಲಿ ಸೀಳಿದರೆ, ಹಿಕ್ಕೆ ತುಂಬಿದ ಸುರಂಗದೊಳಗೆ ಕೊರಕನೆಂಬ ನಸುಗೆಂಪು ಹುಳು ಹಾಯಾಗಿರುತ್ತದೆ. ಅದನ್ನು ಅಲ್ಲೇ ಹೊಸಕಿದಾಗಲೇ ಕಾಫಿಗೆ ರುಚಿ.

ಕುಡಿ ಕತ್ತರಿಸಿ, ಸೀಳದೆ, ಹಾಗೇ ಗೊಬ್ಬರದ ಗುಂಡಿಗೆ ಎಸೆಯುವ ಮಹಾನುಭಾವರೂ ಇದ್ದಾರೆ. ಬಲಿತ ಹುಳು ಅಲ್ಲಿನ ತರಗೆಲೆಗಳ ನಡುವೆ ಗೂಡು ಕಟ್ಟಿ, ಬಿಳಿ ರೆಕ್ಕೆಯ ಪತಂಗವಾಗಿ ಹಾರುತ್ತದೆ. ಸಾಕಿದ ಪುಣ್ಯ ಇವರಿಗೆ, ಕಾಯಿ ಕಳೆದುಕೊಳ್ಳುವ ಕರ್ಮ ಪಕ್ಕದ ತಾರಸಿಗೆ!

ಸಂತೆಯಲ್ಲಿ ತೂತಿನ ಕಾಯಿ ಬದಿಗೆ ಸರಿಸಿ ಬೀಗುವವರದು ಇನ್ನೊಂದು ಬಗೆ. ಮರಿಹುಳು ಒಳಹೊಕ್ಕ ಗುರುತು ಕಣ್ಣಿಗೆ ಬೀಳುವುದೇ ಅಪರೂಪ. ಎದ್ದು ಕಾಣುವ ತೂತು ಹುಳು ಹೊರಟುಹೋದ ಬಾಗಿಲು. ನುಣುಪಾದ ಕಾಯಿಯಲ್ಲೇ ಬಾಡಿಗೆದಾರ ಇನ್ನೂ ಇರಬಹುದು.

‘ನಾಟಿ ತಳಿಗೆ ಹುಳು ಬರೋದಿಲ್ಲ’ ಎನ್ನುವವರನ್ನಂತೂ ಸಹಿಸುವುದು ಕಷ್ಟ. ತೆಳ್ಳಗೆ ಉದ್ದನೆಯ ಕಾಯಿಯ, ಗಡುಸು ಕುಡಿಯ ಕೆಲವು ತಳಿಗಳಿಗೆ ಕಾಟ ಒಂದಿಷ್ಟು ಕಡಿಮೆ, ಅಷ್ಟೇ. ಹೆಸರಘಟ್ಟದ ತೋಟಗಾರಿಕಾ ಸಂಸ್ಥೆಯ ಅರ್ಕಾ ನಿಧಿ, ಅರ್ಕಾ ಕೇಶವ್ ತಳಿಗಳ ನಿರೋಧಕ ಶಕ್ತಿ ದುಂಡಾಣು ಸೊರಗು ರೋಗದೆದುರು. ಕೊರಕನಿಗೂ ಅದಕ್ಕೂ ಸಂಬಂಧವಿಲ್ಲ. ಸುಂಡೆಕಾಯಿ ಬೇರಿಗೆ ಕಸಿ ಕಟ್ಟಿ ಮೆರೆಯುವವರೂ ಅಷ್ಟೇ: ಆ ಬೇರು ಮಣ್ಣಿನ ರೋಗಗಳನ್ನು ತಡೆದೀತು, ಮೇಲೆ ಹಾರಿಬರುವ ಪತಂಗವನ್ನಲ್ಲ.

ಹಾಗೆ ನೋಡಿದರೆ, ರುಚಿಗೆ ಸೋತವರು ನಿರೋಧಕತೆ ಕೇಳುತ್ತಾ ಕೂರುವುದಿಲ್ಲ. ಸೋದೆ ವಾದಿರಾಜರ ಪ್ರಸಾದವೆಂದು ನಂಬಿ ಬೆಳೆಸುವ ಉಡುಪಿಯ ಮಟ್ಟು ಗುಳ್ಳ ನೋಡಿ. ತಿಳಿಹಸಿರು ಮೈ, ಬಿಳಿ ಗೀರು, ಮುಳ್ಳಿನ ತೊಟ್ಟು, ತೆಳು ಸಿಪ್ಪೆ. ಹುಳಿಗೆ ಬಿದ್ದರೆ ಬೇರೆ ಬದನೆಯ ನೆನಪೇ ಬಾರದು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು.

ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊರಕನನ್ನು ಕೊಲ್ಲುವ ಬಿಟಿ ಜೀನ್ ಸೇರಿಸಲು ಆರಿಸಿಕೊಂಡ ಸ್ಥಳೀಯ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು. ಇಂಥ ಬದನೆಯ ಬಗ್ಗೆ ನಡೆದ ಬೆಂಗಳೂರಿನ ಅಹವಾಲು ಸಭೆಯ ಗದ್ದಲ ಆರುವ ಮೊದಲೇ, 2010ರ ಫೆಬ್ರುವರಿ 9ರಂದು ಆಗಿನ ಕೇಂದ್ರ ಪರಿಸರ ಸಚಿವ ಜೈರಾಮ್ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಬಾಂಗ್ಲಾದೇಶ 2013ರಲ್ಲಿ ಅಂಥ ನಾಲ್ಕು ತಳಿಗಳಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಕೊರಕನ ಕಾಟ ತಗ್ಗಿತು, ನಿಜ. ಆದರೆ ಜಿಗಿಹುಳು, ಬಿಳಿನೊಣಗಳಿಗೆ ಆ ಜೀನಿನ ಗೊಡವೆಯೇ ಇಲ್ಲ. ಅವು ಎಲೆ ಹೀರುವುದನ್ನು ಬಿಟ್ಟಿಲ್ಲ, ರೈತರಿಗೆ ಔಷಧದ ಕ್ಯಾನು ಪೂರ್ತಿ ಕೆಳಗಿಡಲೂ ಆಗಿಲ್ಲ.